ಕೊಟ್ಟಿಗೆಯ ಓಟು

“ಕಾಲು ಒತ್ತು ಅಂದ್ರೆ ಸಗಣಿ ತಟ್ದಂಗೆ ತಟ್ತೀಯಲ್ಲೇ, ಬೇವರ್ಸಿ.”

ಬೇಬಿ ವೇಣುಗೋಪಾಲರ ಸೊರಗಿದ ಕಾಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ಒತ್ತಿದಳು. ಲಕ್ವ ಹೊಡೆದ ಈ ಮಾಜಿ ಎಂಪಿಗೆ ಸ್ನಾನ ಮಾಡಿಸಲು, ಹೇಲು ಉಚ್ಚೆ ಬಳಿಯಲು ಮಗಳು ರಾಜಲಕ್ಷ್ಮಿ ಅವಳನ್ನು ಊರಿನಿಂದ ಅಮೆರಿಕದ ಸುವಾನಿಗೆ ಕರೆಸಿಕೊಂಡಿದ್ದಳು. ಬಂದ ದಿನವೇ ಪಾಸ್‌ಪೋರ್ಟ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

ಆ ಭಾನುವಾರ ಮಧ್ಯಾಹ್ನ ಕನ್ನಡ ಬಳಗದವರು ಮನೆಗೆ ಬರುವವರಿದ್ದರು. ವೇಣುಗೋಪಾಲರು ಗೆದ್ದು ಮೆರೆದ ಲೋಕಸಭಾ ಕ್ಷೇತ್ರ ಈಗಿಲ್ಲ; ಕ್ಷೇತ್ರ ಮರುವಿಂಗಡಣೆಯಲ್ಲಿ ಅದನ್ನು ಹರಿದು ಅಕ್ಕಪಕ್ಕದವಕ್ಕೆ ಹಂಚಿಬಿಟ್ಟಿದ್ದರು. ಅದರ ಚರಿತ್ರೆಯನ್ನು ಅವರ ಬಾಯಿಂದಲೇ ಹೇಳಿಸಿ ವಿಡಿಯೋ ಮಾಡಿಡುವುದು ಬಳಗದ ಆಸೆ. ಬೇಬಿಯೂ ಆ ಕ್ಷೇತ್ರದವಳೇ. ಒಳ್ಳೆ ಸೀರೆ ಉಟ್ಟು ನಿಂತು ಎರಡು ಮಾತಾಡಬೇಕೆಂದು ರಾಜಲಕ್ಷ್ಮಿ ಬಾಯಿಪಾಠ ಮಾಡಿಸಿದ್ದಳು: ಸಾಹೇಬರು ಕೇರಿಗೆ ದೀಪ ಹಾಕಿಸಿದರು, ಕೇರಿಯೆಲ್ಲ ಅವರಿಗೇ ಓಟು ಒತ್ತಿತು.

ಬೇಸ್‌ಮೆಂಟಿನಲ್ಲಿ ಜನ ತುಂಬಿದರು. ತಮ್ಮ ಕ್ಷೇತ್ರದಲ್ಲಿ ಒಂದು ಗಲಾಟೆಯೂ ನಡೆದದ್ದಿಲ್ಲ, ಜನ ದೇವರಂಥವರು ಎಂದು ವೇಣುಗೋಪಾಲರು ಕಣ್ಣೊರೆಸಿಕೊಂಡರು. ಚಪ್ಪಾಳೆಯಾಯಿತು. ಕ್ಯಾಮೆರಾ ಹಿಡಿದಿದ್ದ ಶಶಿಕಾಂತ್ ಬೇಬಿಯತ್ತ ತಿರುಗಿ, “ಹೇಳಿ ಆಂಟಿ, ರೆಕಾರ್ಡ್ ಆಗ್ತಿದೆ” ಎಂದ.

ಕಲಿತ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಕಣ್ಣಿಗೆ ಕಟ್ಟಿದ್ದು ಮಾತ್ರ ಅವ್ವನ ಕೈ.

“ನಮ್ ಕೇರಿಯೋರು ಬೂತಿನ್ ಬಾಗ್ಲನ್ನೇ ಕಂಡಿಲ್ಲ ಕಣಪ್ಪ,” ಎಂದಳು. “ಓಟಿನ್ ದಿನ ನಮ್ನೆಲ್ಲ ಇವ್ರ ದನದ್ ಕೊಟ್ಗೇಲಿ ಕೂಡಾಕೋರು. ಬೆರಳ್ಗೆ ಮಸಿ ಅಲ್ಲೇ ಬಳಿಯೋರು. ಓಟ ಇವ್ರ ಆಳ್ಗಳೇ ಒತ್ತಿ ಬರೋರು. ನನ್ ಓಟ ನಾನೇ ಹಾಕ್ತೀನಿ ಅಂತ ನಮ್ಮವ್ವ ಎದ್ಲು. ಈ ನನ್ಮಗ, ನಾನ್ ದಿನಾ ಒತ್ತೋ ಇದೇ ಕಾಲಲ್ಲಿ, ಅವ್ಳ ಕೈಬೆರಳ ತುಳ್ದು ಮುರ್ದಾಕ್ದ. ಸಾಯೋಗಂಟ ಅವ್ಳು ಆ ಕೈಲಿ ತುತ್ತು ಎತ್ಲಿಲ್ಲ.”

“ಬಾಯ್ಮುಚ್ಚೇ, ಸೂಳೆಮುಂಡೆ” ಎಂದು ವೇಣುಗೋಪಾಲರು ಅರಚಿದರು. ರಾಜಲಕ್ಷ್ಮಿ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದು, ಇವಳಿಗೆ ತಲೆ ಸರಿಯಿಲ್ಲ, ಅದನ್ನು ಡಿಲೀಟ್ ಮಾಡಿ ಎಂದಳು. ಶಶಿಕಾಂತ್ ಮಾಡಿದ. ಊಟ ತಣ್ಣಗಾಗುತ್ತಿದೆ ಎಂದು ಯಾರೋ ನೆನಪಿಸಿದರು. ಎಲ್ಲರೂ ತಟ್ಟೆ ಹಿಡಿದು ಎದ್ದರು.

ಆ ಮನೆಯಲ್ಲಿ ಬೇಬಿ ಅನ್ನದ ಪಾತ್ರೆ ಮುಟ್ಟುವಂತಿರಲಿಲ್ಲ. ಈಗ ಎಲ್ಲರಿಗಿಂತ ಮುಂದೆ ಹೋಗಿ ತಾನೇ ಸೌಟು ಹಿಡಿದು ಅನ್ನ ಹಾಕಿಕೊಂಡಳು, ಸಾರು ಹುಯ್ದುಕೊಂಡಳು. ವೇಣುಗೋಪಾಲರ ಪಕ್ಕದ ಸೋಫಾದಲ್ಲಿ ಕೂತು, ಕಲಸಿ ಉಣ್ಣತೊಡಗಿದಳು.

ಖಾಲಿ ತಟ್ಟೆಗಳ ಸಾಲು ಹಾಗೇ ನಿಂತಿತ್ತು. ಆ ಸೌಟಿಗೆ ಯಾರೂ ಕೈ ಹಾಕಲಿಲ್ಲ.