ಸೊಟ್ಟ ಹೊಲಿಗೆಯ ಬಟನ್

ನಾನು ದರ್ಜಿ. ನನ್ನ ಗಂಡನೂ ದರ್ಜಿಯೇ. ಬಟ್ಟೆ ಕತ್ತರಿಸುವುದು ಅವರು, ಹೊಲಿಯುವುದು ನಾನು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದು ಗೊತ್ತಿದ್ದೇ ಅವರು ದಿನಾ ನನ್ನ ಹೊಲಿಗೆ ನೋಡಿ ಕೆಣಕುತ್ತಿದ್ದರು. ಈ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತುಹೋಯಿತು. ಬುದ್ಧಿ ಮೊದಲಿನಷ್ಟೇ ಚುರುಕು, ಎಡಗೈಯೂ ಆಡುತ್ತದೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಇಂಥದ್ದು ಬೇಕೆಂದು ಏನನ್ನೂ ಕೇಳುತ್ತಿರಲಿಲ್ಲ, ಸನ್ನೆಯಲ್ಲೂ. ಗೋಡೆ ನೋಡುತ್ತಾ ಮಲಗಿರುತ್ತಿದ್ದರು. ಬಾಯಾರಿಕೆಯೋ ನೋವೋ ಎಂದು ನಾನೇ ಊಹಿಸಬೇಕು. ಇವರು ನನ್ನಿಂದ ದೂರವಾಗಿಬಿಟ್ಟರೇ ಎಂದು ನನಗೆ ಭಯವಾಗುತ್ತಿತ್ತು.

ತಂಗಿಯ ಮಗಳು ತನ್ನ ಹಳೆಯ ಟ್ಯಾಬ್ ತಂದಳು. ಒತ್ತಿದರೆ ಮಾತಾಡುವ ಬಟನ್‌ಗಳನ್ನು ಅದರಲ್ಲಿ ನಾನೇ ಮಾಡಿಕೊಳ್ಳಬಹುದಂತೆ.

"ನನಗೆ ಕೋಡಿಂಗು ಎಲ್ಲಿ ಬರತ್ತೆ? ನನಗೆ ಬರೋದು ಕಾಜ, ಗುಂಡಿ," ಎಂದೆ.

"ದೊಡ್ಡಮ್ಮ, ಏನು ಬೇಕು ಅಂತ ನೀವು ಎಐಗೆ ಹೇಳಿ, ಕೋಡ್ ಅದು ಬರೆಯತ್ತೆ. ತಪ್ಪು ಮಾಡಿದ್ರೆ ಬೈಬೇಡಿ. ಎಲ್ಲಿ ತಪ್ಪಾಯ್ತು ಅಂತ ಬಿಡಿಸಿ ಹೇಳಿ."

ಬೈಯದೆ ಕೆಲಸ ಮಾಡಿಸುವುದು! ಕೋಡಿಂಗಿಗಿಂತ ನನಗೆ ಅದೇ ಕಷ್ಟದ ಪಾಠ.

ಮೊದಲು 'ನೀರು ಬೇಕು' ಎನ್ನುವ ಒಂದು ಬಟನ್ ಮಾಡಿಸಿದೆ. ಒತ್ತಿದೆ, ಮಾತಾಡಿತು. ಕುಣಿಯುವಷ್ಟು ಖುಷಿಯಾಯಿತು. ಟೀ, ಮಾತ್ರೆ, ನೋವು, ಬಚ್ಚಲು ಎಂದು ಇನ್ನೂ ನಾಲ್ಕರ ಹೆಸರು ಕೊಟ್ಟು, ನಮ್ಮ ಹೊಲಿಗೆ ಅಂಗಡಿಯಲ್ಲಿ ಒಂದು ಮಾದರಿ ತೋರಿಸಿ ಹೇಳುವ ಹಾಗೆಯೇ, ಉಳಿದವೂ ಇದರಂತೆಯೇ ಇರಲಿ ಎಂದು ಬರೆದೆ. ಆತುರಗಾರನಿಗೆ ಬುದ್ಧಿ ಮಟ್ಟ. ಐದೂ ಬಟನ್‌ಗಳು "ನೀರು ಬೇಕು" ಎಂದೇ ಅರಚಿದವು. ನೋವು ಒತ್ತಿದರೂ ನೀರು, ಮಾತ್ರೆ ಒತ್ತಿದರೂ ನೀರು. ಬೈಗುಳ ನುಂಗಿಕೊಂಡು, ಯಾವುದು ಏನು ಹೇಳಬೇಕೆಂದು ಒಂದೊಂದಾಗಿ ಬಿಡಿಸಿ ಬರೆದೆ. ಸರಿಹೋಯಿತು.

ಹೆಮ್ಮೆಯಿಂದ ಅವರ ಎದುರು ಹಿಡಿದೆ. ಎಲ್ಲವನ್ನೂ ನೋಡಿದರು. ಎಡಗೈಯಿಂದ ಮೆಲ್ಲಗೆ ಆಚೆ ತಳ್ಳಿ ಗೋಡೆಯ ಕಡೆ ತಿರುಗಿಕೊಂಡರು.

ಅತ್ತುಬಿಟ್ಟೆ. ಕಣ್ಣೊರೆಸಿಕೊಳ್ಳುತ್ತಿದ್ದಾಗ ಮೊಳೆಗೆ ನೇತುಹಾಕಿದ್ದ ಅವರ ಅಳತೆ ಟೇಪು ಕಂಡಿತು. ಎಷ್ಟೇ ಪರಿಚಯದ ಗಿರಾಕಿ ಬಂದರೂ ಅಳತೆ ತೆಗೆಯದೆ ಅವರು ಕತ್ತರಿ ಹಿಡಿದವರಲ್ಲ. ನಾನೋ, ಅವರನ್ನು ಒಂದು ಮಾತೂ ಕೇಳದೆ ಎಲ್ಲವನ್ನೂ ಮಾಡಿ ಮುಗಿಸಿದ್ದೆ. ಅದರಲ್ಲಿದ್ದದ್ದೆಲ್ಲ ಯಾರೋ ರೋಗಿಯ ಮಾತು, ನನ್ನ ಗಂಡನದಲ್ಲ.

ಹತ್ತಿರ ಹೋಗಿ ಕೂತೆ.

"ನಿಮಗೆ ಏನು ಹೇಳ್ಬೇಕು ಅನ್ಸತ್ತೆ? ಕೇಳ್ತಾ ಹೋಗ್ತೀನಿ, ತಲೆ ಆಡಿಸಿ. ಊಟದ ವಿಷಯನಾ?"

ಅಲ್ಲವೆಂದು ತಲೆಯಾಡಿಸಿದರು.

"ಅಂಗಡಿ ವಿಷಯ?"

ತಲೆ ಅರೆಬರೆ ಆಡಿತು. ಎಡಗೈ ಚಾಚಿ, ನಾನು ಹೊಲಿದಿದ್ದ ದಿಂಬಿನ ಕವರ್‌ನ ಅಂಚಿನ ಮೇಲೆ ಅಂಕುಡೊಂಕಾಗಿ ಬೆರಳೆಳೆದರು. ಕಣ್ಣಲ್ಲಿ ಹಳೆಯ ತುಂಟತನ ಇಣುಕಿತು.

"'ಹೊಲಿಗೆ ಸೊಟ್ಟ ಕಣೇ' ಅಂತಾನಾ?"

ಹೌದೆಂದು ಜೋರಾಗಿ ತಲೆಯಾಡಿಸಿದರು. ಅವರ ಕಣ್ಣು ತುಂಬಿತ್ತು. ನನ್ನದೂ.

ಆರನೆಯ ಬಟನ್ ಆಯಿತು. ಒತ್ತಿದರು. "ಹೊಲಿಗೆ ಸೊಟ್ಟ ಕಣೇ." ಅಡುಗೆಮನೆಗೆ ಹೋದರೂ ಹೊಲಿಗೆ ಸೊಟ್ಟ, ಮೆಷಿನ್ ಮುಂದೆ ಕೂತರೂ ಹೊಲಿಗೆ ಸೊಟ್ಟ. ಸಂಜೆಯ ಹೊತ್ತಿಗೆ ನನ್ನ ಕೋಪ ನೆತ್ತಿಗೇರಿತು.

"ಸಾಕು ನಿಲ್ಲಿಸ್ರೀ! ಮಾಡಿದ್ದುಣ್ಣೋ ಮಹರಾಯ ಅನ್ನೋ ಹಾಗಾಯ್ತು ನನ್ನ ಪಾಡು!" ಎಂದು ಅಡುಗೆಮನೆಯಿಂದಲೇ ಕೂಗಿದೆ.

ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಟ್ಯಾಬ್ ಮತ್ತೆ ಮಾತಾಡಿತು.

"ನೀರು ಬೇಕು."

ಮತ್ತೆ ಕೆಟ್ಟುಹೋಯಿತೇನೋ ಎಂದು ಓಡಿದೆ. ಕೆಟ್ಟಿರಲಿಲ್ಲ. ಅವರ ಬೆರಳು ಮೊದಲನೆಯ ಬಟನ್ ಮೇಲಿತ್ತು, ಕಣ್ಣು ನನ್ನ ಮೇಲೆ. ಲೋಟ ತುಂಬಿಸಿ ತಂದು ಅವರ ಎಡಗೈಗೆ ಕೊಟ್ಟೆ. ಬಾಯಾರಿದೆ ಎಂದು ಈ ಸಲ ಅವರೇ ಹೇಳಿದ್ದರು, ನಾನು ಊಹಿಸಬೇಕಾಗಿ ಬರಲಿಲ್ಲ.