ಪುಟ್ಟಗೌರಮ್ಮನ ಕಿವಿಯ ನರ

ಒಣಗಿದ ತೆಂಗಿನಕಾಯಿಗೆ ತೀರ್ಪು ಕೊಡುವುದರಲ್ಲಿ ಬಿಳಿಗೆರೆಯ ಬೋರಯ್ಯ ಎತ್ತಿದ ಕೈ. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾನೆ. ಲೊಡಲೊಡ ಎಂದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸುಲಿಯಬಹುದು. ಎಷ್ಟು ಅಲ್ಲಾಡಿಸಿದರೂ ಸದ್ದಿಲ್ಲವೋ, ಕೆಟ್ಟಿದೆ, ಅತ್ತ ಎಸೆ. ಎರಡನೇ ಸಲ ನೋಡುವ ಜಾಯಮಾನ ಅವನದಲ್ಲ. ಕಾಯಿಗಾದರೆ ಸರಿ, ಕಟ್ಟಿಕೊಂಡ ಹೆಂಡತಿಯ ಕಿವಿಗೂ ಅದೇ ತೀರ್ಪು ಕೊಟ್ಟು ಕೂತಿದ್ದನಲ್ಲ, ಆ ಬುದ್ಧಿಗೆ ಏನನ್ನಬೇಕು.

ಪುಟ್ಟಗೌರಮ್ಮನಿಗೆ ಕ್ಷಯ ಬಂದಾಗ ತಿಂಗಳುಗಟ್ಟಲೆ ಚುಚ್ಚಿದ ಇಂಜೆಕ್ಷನ್ ಜೀವ ಉಳಿಸಿತು, ಕಿವಿ ಎರಡನ್ನೂ ಕಿತ್ತುಕೊಂಡಿತು. ಒಳಕಿವಿಗೆ ತಂತಿ ಕೂರಿಸುವ ಆಪರೇಷನ್ ಇದೆ ಎಂದು ಮಗಳು ಆಶಾ ಹೇಳಿದಾಗಲೆಲ್ಲ ಬೋರಯ್ಯನದು ಒಂದೇ ಉತ್ತರ: "ಸತ್ತೋಗಿರೋ ಕಿವಿಗೆ ತಂತಿ ಯಾಕವ್ವಾ, ಸುಮ್ಕಿರು." ಹೀಗೆ ಎಂಟು ವರ್ಷ ಹೋಯಿತು.

ಆ ಎಂಟು ವರ್ಷದಲ್ಲಿ ಮನೆಯೊಳಗೆ ತಮಾಷೆಯೊಂದು ನಡೆಯಿತು. ಕಿವಿ ಹೋದವಳು ಮಾತು ಬಿಡಲಿಲ್ಲ. ಕಿವಿ ನೆಟ್ಟಗಿದ್ದವನು ಮೂಗನಾದ. ಪುಟ್ಟಗೌರಮ್ಮ ಒಲೆ ಮುಂದೆ, ಕೊಟ್ಟಿಗೆಯಲ್ಲಿ, ತೋಟದ ಬದುವಿನ ಮೇಲೆ ತನ್ನ ಪಾಡಿಗೆ ಮಾತಾಡುತ್ತಲೇ ಇರುವಳು. ಒಂದು ಕಾಲಕ್ಕೆ ಅರಳಿಕಟ್ಟೆಯಲ್ಲಿ ಇವನು ಬಾಯಿ ತೆಗೆದರೆ ಉಳಿದವರಿಗೆ ಸರದಿ ಸಿಗುತ್ತಿರಲಿಲ್ಲ. ಈಗ ಕೈಯಲ್ಲೇ ಉತ್ತರ. ಕೈಯಲ್ಲಿ ಎಷ್ಟು ಹೇಳಲಾದೀತು? ಬಾ, ಹೋಗು, ಉಣ್ಣು, ಸಾಕು. ಬರಬರುತ್ತಾ ಊರವರ ಜೊತೆಯೂ ಅಷ್ಟರಲ್ಲೇ ಮುಗಿಸತೊಡಗಿದ.

ಕೊನೆಗೆ ಆಶಾ ಅಪ್ಪನನ್ನು ಕೇಳುವುದನ್ನು ಬಿಟ್ಟು ಅವ್ವನನ್ನು ಬೆಂಗಳೂರಿಗೆ ಕರೆದುಕೊಂಡು ಹೊರಟಳು. ಬೋರಯ್ಯ ಹಿಂದೆಯೇ ಹೋದ. ಆಪರೇಷನ್ ಆಯಿತು, ಗಾಯ ಮಾಯಿತು. ಮಿಷಿನ್ ಚಾಲೂ ಮಾಡುವ ದಿನ ಡಾಕ್ಟರ್ ಅನುಪಮಾ ಮೊದಲೇ ಹೇಳಿದರು: "ಸ್ಕ್ಯಾನಲ್ಲಿ ನರ ಕಾಣ್ತಿದೆ. ಎಷ್ಟು ಜೀವ ಇದೆ ಅನ್ನೋದು ಇವತ್ತೇ ಗೊತ್ತಾಗೋದು. ತುಂಬ ತಡವಾಗಿ ಬಂದಿದ್ದೀರಿ."

ತಡ ಮಾಡಿದವನು ಯಾರು ಎಂದು ಆಶಾ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೇ ವಾಸಿಯಿತ್ತು. ನರ ಸತ್ತಿದ್ದರೆ ಅದನ್ನು ಸಾಯಿಸಿದವನು ನಾನೇ ಎಂದು ಬೋರಯ್ಯ ತನಗೆ ತಾನೇ ತೀರ್ಪು ಕೊಟ್ಟುಕೊಂಡ.

ಪುಟ್ಟಗೌರಮ್ಮನ ಕಿವಿಯ ಹಿಂದೆ ಸದ್ದನ್ನು ಒಳಗಿನ ತಂತಿಗೆ ಕಳಿಸುವ ದುಂಡನೆಯ ಬಿಲ್ಲೆ ಅಂಟಿಸಿದರು. ಡಾಕ್ಟರ್ ಕಂಪ್ಯೂಟರಿನ ಗುಂಡಿ ಒತ್ತಿದರು. ಅವಳು ಸುಮ್ಮನೆ ಕೂತಿದ್ದಳು. ಸದ್ದನ್ನು ಇನ್ನೊಂದಿಷ್ಟು ಹೆಚ್ಚಿಸಿದರು. ಊಹೂಂ. ಬೋರಯ್ಯ ನೆಲ ನೋಡತೊಡಗಿದ. ಮತ್ತೊಮ್ಮೆ ಒತ್ತಿದಾಗ ಅವಳು ಬೆಚ್ಚಿ ತಲೆ ಮುಟ್ಟಿಕೊಂಡಳು.

"ಏನೋ ಟಕಟಕ ಅಂತದೆ ಕಣವ್ವ."

ಬರೀ ಟಕಟಕವೇ, ಎಲ್ಲ ಮುಗಿಯಿತು ಎಂದುಕೊಂಡ ಬೋರಯ್ಯ. ತೀರ್ಪು ಕೊಡಲು ಎಷ್ಟು ಅವಸರ ನೋಡಿ. ಅತ್ತ ಡಾಕ್ಟರ್ ನಗುತ್ತಿದ್ದರು.

"ನರ ಬದುಕಿದೆ ಯಜಮಾನ್ರೇ. ಸದ್ದು ಹಿಡಿಯೋ ಕೋಶಗಳು ಇಂಜೆಕ್ಷನ್‌ಗೆ ಹೋಗಿಬಿಟ್ಟವು, ಅವು ಮತ್ತೆ ಬರಲ್ಲ. ಆದ್ರೆ ಅವುಗಳ ಹಿಂದಿನ ನರಕೋಶಗಳನ್ನ ತಬ್ಬಿಕೊಂಡು ಬೇರೆ ಕೋಶಗಳಿರ್ತವೆ, ಗ್ಲಿಯಾ ಅಂತೀವಿ. ಸದ್ದು ಬರಲಿ ಬಿಡಲಿ, ನರ ಸಾಯದ ಹಾಗೆ ಅವು ಪೋಷಣೆ ಕೊಡ್ತಿರ್ತವೆ."

"ಎಂಟು ವರ್ಸಾನೂವೆ?"

"ಎಲ್ಲರಿಗೂ ಇಷ್ಟು ಉಳಿಯಲ್ಲ, ಇವರಿಗೆ ಉಳಿದಿದೆ. ಒಂದೇ ಕಡೆಯ ಉಪಕಾರ ಅಲ್ಲ ಅದು. ನರವೂ ಅವಕ್ಕೆ ಬೇಕಾದ್ದನ್ನ ಕಳಿಸ್ತಿರುತ್ತೆ. ನರ ಹೋದ್ರೆ ಅವೂ ಸೊರಗ್ತವೆ."

ಬೋರಯ್ಯ ಹೆಂಡತಿಯ ಮುಖ ನೋಡಿದ. ಎಂಟು ವರ್ಷ ಇವಳನ್ನು ಸಾಕಿದವನು ತಾನೇ ಎಂದುಕೊಂಡಿದ್ದ. ಇವಳೂ ಮಾತು ನಿಲ್ಲಿಸಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ಈಗ ಮೊದಲ ಸಲ ಹೊಳೆಯಿತು.

"ನೀವೇ ಏನಾದ್ರೂ ಮಾತಾಡಿಸಿ," ಎಂದರು ಡಾಕ್ಟರ್.

ಬೋರಯ್ಯ ಬಾಯಿ ತೆರೆಯುವ ಮೊದಲೇ ಅಭ್ಯಾಸಬಲದಿಂದ ಕೈ ಮೇಲೆದ್ದಿತು, ಆಶಾ ಹಿಡಿದು ಇಳಿಸಿದಳು. ಬೆಳಿಗ್ಗೆ ಊರಿಂದ ತಮ್ಮ ದುರ್ಗಯ್ಯ ಫೋನ್ ಮಾಡಿ ಕೊಟ್ಟಿಗೆಯ ಸುದ್ದಿ ಹೇಳಿದ್ದ. ಆ ಸುದ್ದಿ ಹೆಂಡತಿಗೆ ಇನ್ನೂ ಮುಟ್ಟಿರಲಿಲ್ಲ. ಬೋರಯ್ಯ ತೋಟದ ಆಚೆ ಬದಿಗೆ ಕೂಗುವವನಂತೆ ಕೂಗಿದ:

"ಗೌರೀ, ಹಸ ಕರ ಹಾಕ್ತು ಕಣೇ!"

ಅವಳು ಹುಬ್ಬು ಗಂಟಿಕ್ಕಿದಳು. ಅರ್ಧ ಕೇಳಿ, ಅರ್ಧ ತುಟಿ ನೋಡಿ ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು.

"ಯಾಕಂಗೆ ಅರಚ್ತೀರಿ? ಹೆಣ್ಗರನೋ ಗಂಡ್ಗರನೋ, ಅದ್ನೇಳಿ."

ಬೋರಯ್ಯ ಟವೆಲ್‌ನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಊರಿಗೆ ಮರಳುವ ರೈಲಿನಲ್ಲಿ ಅವನ ಬಾಯಿಗೆ ಹಿಡಿತವೇ ಇರಲಿಲ್ಲ. ಕರು, ನುಸಿ ಬಿದ್ದ ತೆಂಗು, ಯಾರ ಮನೆಯ ಪಾಲು ಯಾರಿಗೆ ಹೋಯಿತು, ಎಂಟು ವರ್ಷದ ಬಾಕಿಯೆಲ್ಲ ಈಚೆ ಬಂತು. ನಿಮ್ಮ ದನಿ ತಗಡು ಬಡಿದಂಗೈತೆ ಎಂದು ಅವಳು ಅಂದದ್ದಕ್ಕೂ ಬೇಸರಿಸಲಿಲ್ಲ. ಅಮ್ಮಸಂದ್ರ ದಾಟುವಾಗ ಅವಳು ಬಿಲ್ಲೆ ಕಿತ್ತು ಮಡಿಲಲ್ಲಿಟ್ಟುಕೊಂಡಳು.

ಬೋರಯ್ಯ ಗಕ್ಕನೆ ಮಾತು ನಿಲ್ಲಿಸಿ, ಏನಾಯಿತೆಂದು ಕೈಯಲ್ಲಿ ಕೇಳಿದ.

"ತಲೆ ಸಿಡೀತದೆ, ಒಸಿ ಹೊತ್ತು ಕಳೀಲಿ. ನೀವು ಮಾತ್ರ ನಿಲ್ಲಿಸ್ಬೇಡಿ," ಎಂದು ಆ ಕೈಯನ್ನು ಹಿಡಿದು ತನ್ನ ಮಡಿಲಲ್ಲೇ ಅದುಮಿಟ್ಟುಕೊಂಡಳು. "ಈ ಕೈ ಮಾತು ನೋಡಿ ನೋಡಿ ನಂಗೆ ಸಾಕಾಗೈತೆ."

ಅವಳಿಗೆ ಒಂದಕ್ಷರವೂ ಕೇಳಿಸದಿದ್ದರೂ ತಿಪಟೂರು ಬರುವವರೆಗೆ ಬೋರಯ್ಯ ಮಾತಾಡುತ್ತಲೇ ಇದ್ದ.