ಹತ್ತು ನಲವತ್ತರ ಬಯಲು

ಊರನ್ನು ಮೇಲಿಂದ ನೋಡುವುದು ನನ್ನ ಕೆಲಸ. ಯೋಜನಾ ಕಚೇರಿಯ ಎರಡನೇ ಮಹಡಿಯಲ್ಲಿ, ಕಿಟಕಿಗೆ ಪರದೆ ಎಳೆದ ಕೋಣೆಯಲ್ಲಿ, ಉಪಗ್ರಹ ಕಳಿಸಿದ ಚಿತ್ರಗಳ ಮುಂದೆ ಕೂತು ಇದು ಹೊಲ, ಇದು ತೋಪು, ಇದು ನೀರು, ಇದು ಕಟ್ಟಡ, ಇದು ಖಾಲಿ ಜಾಗ ಎಂದು ಕಂಪ್ಯೂಟರಿಗೆ ಹೇಳಿಕೊಡುತ್ತೇನೆ. ಚಿತ್ರದ ಒಂದೊಂದು ಚೌಕವೂ ನೆಲದ ಮೇಲೆ ಹತ್ತು ಮೀಟರಿಗೆ ಹತ್ತು ಮೀಟರು. ನಾನು ಒಂದಷ್ಟು ಚೌಕಗಳನ್ನು ಮಾದರಿಗೆಂದು ಗುರುತು ಹಾಕಿ ಕೊಟ್ಟರೆ ಸಾಕು, ಉಳಿದ ಲಕ್ಷಾಂತರ ಚೌಕಗಳಿಗೆ ಕಂಪ್ಯೂಟರ್ ತಾನೇ ಬಣ್ಣ ಬಳಿಯುತ್ತದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ಅದು. ಹೇಳಿಕೊಟ್ಟವರು ತಪ್ಪಿದರೆ ಅದೂ ಅಷ್ಟೇ ಶ್ರದ್ಧೆಯಿಂದ ತಪ್ಪುತ್ತದೆ.

ಹತ್ತು ವರ್ಷ ಹೀಗೆ ನೋಡಿ ನೋಡಿ ನನಗೆ ಕನಸು ಕೂಡ ಮೇಲಿಂದಲೇ ಬೀಳುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಮೇಜಿಗೆ ಒರಗಿದರೆ ಸಾಕು, ಮಾಳಿಗೆಗಳ ಮೇಲೆ ತೇಲುತ್ತಿರುತ್ತೇನೆ. ಕೆಳಗೆ ಬೀದಿಗಳು ಸದ್ದಿಲ್ಲದೆ ಹರಿಯುತ್ತವೆ. ಹೊಲಗಳು ಒಂದರ ಬಣ್ಣ ಇನ್ನೊಂದಕ್ಕೆ ಇಳಿಯುತ್ತಾ ಊರಿನ ಅಂಚಿನವರೆಗೆ ಬಂದು ನಿಲ್ಲುತ್ತವೆ. ಯಾರೂ ತಲೆ ಎತ್ತಿ ನನ್ನನ್ನು ನೋಡುವುದಿಲ್ಲ. ಹಿತವಾಗಿರುತ್ತದೆ, ಸುಳ್ಳೇಕೆ ಹೇಳಲಿ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಎತ್ತರದಿಂದ ನೋಡಿದರೆ ಊರಿಗೆ ಊರೇ ನುಣ್ಣಗೆ.

ಆ ನುಣುಪಿನಲ್ಲೇ ನಾನು ಜಾರಿಬಿದ್ದೆ.

ನಮ್ಮ ಮೇಲಧಿಕಾರಿಯನ್ನು ಕಚೇರಿಯಲ್ಲಿ ಎಲ್ಲರೂ ಗೆರೆಸಾಹೇಬರು ಎನ್ನುತ್ತೇವೆ. ನಾವು ಮಾಡಿಕೊಟ್ಟ ನಕ್ಷೆಯ ಮೇಲೆ ಮುಂದಿನ ಇಪ್ಪತ್ತು ವರ್ಷದ ರಸ್ತೆ, ಚರಂಡಿ, ಬಡಾವಣೆಗಳ ಗೆರೆ ಎಳೆಯುವವರು ಅವರು. ಒಂದು ದಿನ ಅವರು ಬಂದು ನಕ್ಷೆ ಹರಡಿ, ಪೂರ್ವದ ಅಂಚಿನ ಒಂದು ತುಂಡಿನ ಮೇಲೆ ಪೆನ್ಸಿಲಿಟ್ಟರು.

"ಇಲ್ಲಿ ಮೂರು ವರ್ಷದಿಂದ ಕಟ್ಟಡ ಅಂತ ಬರ್ತಿದೆ. ಒಂದೂವರೆ ಎಕರೆ. ಇಷ್ಟು ಮನೆಗಳಿಗೆ ಒಂದೂ ರಸ್ತೆ ಇಲ್ವಲ್ರೀ, ಪಾಪ. ನಡುವೆ ಒಂದು ಹಾಕಿದೀನಿ ನೋಡಿ."

ನೋಡಿದೆ. ಅರವತ್ತು ಬಿಳಿ ಚೌಕ. ಕಟ್ಟಡದ ಮಾದರಿಗೆಂದು ಅವುಗಳಲ್ಲಿ ಎಂಟನ್ನು ನಾನೇ ಆರಿಸಿದ್ದೆ. ಹೊಳೆಯುವ ಬಿಳಿ, ಕಾಂಕ್ರೀಟ್ ಮಾಳಿಗೆಯ ಬಿಳಿ, ಅನುಮಾನವೇ ಇರಲಿಲ್ಲ. ಆದರೆ ಸಾಹೇಬರ ಪೆನ್ಸಿಲಿನ ಗೆರೆ ಹೊರಟ ಜಾಗದಲ್ಲಿ ಒಂದು ಕಾಲುವೆ ಮೊಣಕೈ ಮಡಿಚಿದ ಹಾಗೆ ತಿರುಗಿತ್ತು. ಆ ತಿರುವಿನಲ್ಲಿ ನಾನು ಈಜು ಕಲಿತಿದ್ದೆ. ಅದರ ಪಕ್ಕದ ಬಯಲಿನಲ್ಲಿ ನನ್ನ ಚಿಕ್ಕಮ್ಮ ಮೂವತ್ತು ವರ್ಷದಿಂದ ಆಸ್ಪತ್ರೆಯ ಬೆಡ್‌ಶೀಟುಗಳನ್ನು ಒಗೆದು ಹುಲ್ಲಿನ ಮೇಲೆ ಹಾಸುತ್ತಾಳೆ. ಅವಳೊಬ್ಬಳೇ ಅಲ್ಲ, ಎಂಟು ಮನೆಯವರು. ದಿನಕ್ಕೆ ಸಾವಿರದಷ್ಟು ಶೀಟು.

ಉಪಗ್ರಹ ಐದು ದಿನಕ್ಕೊಮ್ಮೆ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ, ಬೆಳಿಗ್ಗೆ ಹತ್ತು ನಲವತ್ತಕ್ಕೆ, ಒಂದು ನಿಮಿಷ ಆಚೀಚೆ ಇಲ್ಲ. ಹತ್ತು ನಲವತ್ತೆಂದರೆ ಬಯಲು ತುಂಬ ಬಿಳಿ ಹಾಸಿರುವ ಹೊತ್ತು. ಮೂರು ವರ್ಷವೂ ಅದು ಕಂಡದ್ದು ಬಟ್ಟೆಯನ್ನೇ. ನಾನು ಅದಕ್ಕೆ ಮನೆ ಎಂದು ಹೇಳಿಕೊಟ್ಟಿದ್ದೆ.

ನನ್ನ ಹೆತ್ತಮ್ಮ ಬೇಗ ಹೋದಳು, ಸಾಕಿದ್ದು ಚಿಕ್ಕಮ್ಮ. ಆ ಬಯಲಿನಲ್ಲೇ ಬೆಳೆದವಳು ನಾನು, ಆ ಬಯಲನ್ನೇ ಗುರುತಿಸಲಿಲ್ಲ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಸಾಹೇಬರ ಮುಖ ನೋಡದೆ ಕೀಲಿಮಣೆ ನೋಡುತ್ತಾ ಎಲ್ಲವನ್ನೂ ಹೇಳಿದೆ.

"ತಿದ್ದಿಬಿಡ್ತೀನಿ ಸರ್. ಐದು ನಿಮಿಷದ ಕೆಲಸ."

"ಕೈಯಿಂದ ತಿದ್ದೋ ಹಾಗಿಲ್ಲ," ಅಂದರು. ಹಿಂದೊಮ್ಮೆ ಯಾರೋ ತಮ್ಮ ಭಾವನ ತೋಟಕ್ಕೆ ಕೈಯಿಂದ ಬಣ್ಣ ಬಳಿದು ದೊಡ್ಡ ರಾದ್ಧಾಂತವಾಗಿ, ಅಂದಿನಿಂದ ಈ ನಿಯಮ. "ಅದರಲ್ಲೂ ನಿಮ್ಮ ಚಿಕ್ಕಮ್ಮನ ಜಾಗ ಅಂತೀರಿ. ನೀವಂತೂ ಮುಟ್ಟಲೇಬೇಡಿ. ಚಿತ್ರದಲ್ಲಿ ಕಟ್ಟಡ ಇಲ್ಲ ಅಂತ ಬಂದ್ರೆ ತೆಗೀತೀನಿ. ಮುಂದಿನ ಬುಧವಾರ ನಕ್ಷೆ ಮುಚ್ತೀವಿ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ಕೇಳಬೇಕೆನಿಸಿತು, ಅದರ ಬದಲು ಲೆಕ್ಕ ಹಾಕಿದೆ. ಚಿತ್ರ ಕೈಗೆ ಬರಲು ಎರಡು ದಿನ ಬೇಕು, ಹಾಗಾಗಿ ಅಷ್ಟರೊಳಗೆ ಚಿತ್ರ ಸಿಗುವಂತೆ ಉಪಗ್ರಹ ಬರುವುದು ಒಂದೇ ಸಲ, ಗುರುವಾರ. ಆ ಬೆಳಿಗ್ಗೆ ಬಯಲು ಬರಿದಾಗಿರಬೇಕು.

ಚಿಕ್ಕಮ್ಮನಿಗೆ ಇದನ್ನು ಹೇಳುವುದು ಉಪಗ್ರಹ ಹಾರಿಸುವುದಕ್ಕಿಂತ ಕಷ್ಟವಾಯಿತು. ಅವಳು ಬಟ್ಟೆಗೆ ಹಾಕುವ ನೀಲಿಯ ಬಕೆಟ್ಟಿನಿಂದ ಕೈ ತೆಗೆಯದೆ ಕೇಳಿಸಿಕೊಂಡಳು.

"ಆಕಾಶದಲ್ಲಿ ಕೂತ್ಕೊಂಡು ಬಟ್ಟೆ ಯಾವ್ದು ಮನೆ ಯಾವ್ದು ಅಂತ ತಿಳಿಯಲ್ವಾ ಅದಕ್ಕೆ?"

"ನಾನು ಹೇಳ್ಕೊಟ್ಟಿದ್ದು ತಪ್ಪಾಯ್ತು ಚಿಕ್ಕಮ್ಮ."

"ನೀನು ಹೇಳ್ಕೊಟ್ಟಿದ್ದಾ?" ಈಗ ಕೈ ಹೊರಗೆ ಬಂತು. ಮೊಣಕೈವರೆಗೆ ನೀಲಿ. "ಈ ಹುಲ್ಲಲ್ಲಿ ಅಂಬೆಗಾಲಿಟ್ಟೋಳು ನೀನು. ನಿನಗೇ ತಿಳೀಲಿಲ್ವಾ?"

ಪಕ್ಕದಲ್ಲಿ ಇಸ್ತ್ರಿ ತಾತ ಕೆಂಡ ಊದುತ್ತಿದ್ದ. ಎಂಟು ಮನೆಯ ಬಟ್ಟೆಗೂ ಅವನದೇ ಇಸ್ತ್ರಿ. "ಬಿಡು ತಾಯಿ, ಮೇಲಕ್ಕೆ ಹೋದೋರಿಗೆ ಕೆಳಗಿನೋರು ಕಾಣಲ್ಲ," ಎಂದು ನಕ್ಕ. ಅವನು ತಮಾಷೆಗೆ ಅಂದದ್ದು, ನನಗೆ ನಾಟಿತು.

ಕೊನೆಗೆ ಚಿಕ್ಕಮ್ಮ ಒಪ್ಪಿದಳು. ಹನ್ನೊಂದು ಗಂಟೆಯವರೆಗೆ ಹಾಸುವುದಿಲ್ಲ, ಆಮೇಲೆ ಬೇಗ ಬೇಗ ಹಾಸಿ ಸಂಜೆಗೆ ಒಪ್ಪಿಸುವುದು. ಎಂಟೂ ಮನೆಗೆ ತಾನೇ ಹೋಗಿ ಹೇಳಿಬಂದಳು.

ಗುರುವಾರ ನಾನು ರಜೆ ಹಾಕಿ ಬೆಳಗಾಗುತ್ತಲೇ ಹೋದೆ. ಆಕಾಶದಲ್ಲಿ ಒಂದು ಮೋಡದ ಚೂರೂ ಇಲ್ಲ. ಹಿಂಡಿದ ಬಟ್ಟೆಯ ಗುಡ್ಡೆಗಳು ಕಲ್ಲುಗಳ ಪಕ್ಕದಲ್ಲೇ ಉಳಿದವು. ಒಂಬತ್ತಾಯಿತು, ಒಂಬತ್ತೂವರೆಯಾಯಿತು, ಕೆಲಸದವರಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೂವತ್ತು ವರ್ಷದಲ್ಲಿ ಆ ಹೊತ್ತಿನಲ್ಲಿ ಯಾರೂ ಸುಮ್ಮನೆ ಕೂತಿರಲಿಲ್ಲ. ಮೊದಲು ಒಬ್ಬಾಕೆ ಹುಲ್ಲಿನ ಮೇಲೆ ಕೂತಳು. ಆಮೇಲೆ ಇನ್ನೊಬ್ಬಳು ಕಾಲು ಚಾಚಿದಳು. ಸ್ವಲ್ಪ ಹೊತ್ತಿಗೆ ಎಲ್ಲರೂ ಅಂಗಾತ ಮಲಗಿದ್ದರು. ಶೀಟುಗಳು ಮಲಗುವ ಜಾಗದಲ್ಲಿ ಮನುಷ್ಯರು. ತಾತ ತಲೆಗೆ ಟವೆಲ್ ಸುತ್ತಿಕೊಂಡು ಗೊರಕೆಗೇ ಇಳಿದಿದ್ದ.

ನಾನೂ ಚಿಕ್ಕಮ್ಮನ ಪಕ್ಕ ಮಲಗಿದೆ. ಬೆನ್ನಿನ ಕೆಳಗೆ ನೆಲ ಬೆಚ್ಚಗಿತ್ತು. ಹುಲ್ಲಿನಿಂದ ಸೋಪಿನ ವಾಸನೆ ಬರುತ್ತಿತ್ತು, ವರ್ಷಗಟ್ಟಲೆ ನೆನೆದ ನೆಲವಲ್ಲವೇ. ಆಕಾಶ ನೋಡುತ್ತಾ ನೋಡುತ್ತಾ ಯಾವುದು ಮೇಲೆ ಯಾವುದು ಕೆಳಗೆ ಎನ್ನುವುದೇ ಮರೆತುಹೋಯಿತು. ನಾವೇ ತೇಲುತ್ತಿದ್ದೆವೋ, ನೆಲವೇ ಮೆಲ್ಲಗೆ ಎದ್ದು ಬರುತ್ತಿತ್ತೋ. ದೂರದಲ್ಲಿ ಯಾರೋ ನಕ್ಕರು, ಆ ನಗು ಬಂದು ಮುಟ್ಟಲು ಬಹಳ ಹೊತ್ತು ಹಿಡಿದಂತೆ ಅನಿಸಿತು. ನನ್ನ ಕನಸುಗಳಲ್ಲಿ ಎಂದೂ ಸದ್ದಿರಲಿಲ್ಲ. ಇಲ್ಲಿ ಕಾಲುವೆಯ ಸದ್ದಿತ್ತು, ಗೊರಕೆಯ ಸದ್ದಿತ್ತು.

"ಎಷ್ಟು ದೊಡ್ಡದಿದೆಯಲ್ಲೇ ಇದು," ಚಿಕ್ಕಮ್ಮ ಅಂದಳು. ಆಕಾಶದ ಮಾತೋ ಬಯಲಿನ ಮಾತೋ ನಾನು ಕೇಳಲಿಲ್ಲ.

ಹತ್ತು ಇಪ್ಪತ್ತಕ್ಕೆ ಅವಳ ಫೋನು ರಿಂಗಾಯಿತು. ಹೆರಿಗೆ ವಾರ್ಡಿನ ಆಯಾ. ಹಿಂದಿನ ದಿನದಿಂದ ಒಂದರ ಮೇಲೊಂದು ಹೆರಿಗೆ, ಕಪಾಟಿನಲ್ಲಿ ಒಂದೂ ಶೀಟು ಉಳಿದಿಲ್ಲ, ಹನ್ನೆರಡರೊಳಗೆ ಬೇಕೇ ಬೇಕು. ಚಿಕ್ಕಮ್ಮ ಫೋನಿಟ್ಟು ಎದ್ದು ಸೆರಗು ಸಿಕ್ಕಿಸಿದಳು.

"ಇನ್ನು ಇಪ್ಪತ್ತೇ ನಿಮಿಷ, ಚಿಕ್ಕಮ್ಮ! ದಮ್ಮಯ್ಯ ಅಂತೀನಿ."

"ಈ ಬಿಸಿಲಲ್ಲಿ ಇಪ್ಪತ್ತು ನಿಮಿಷ ಅಂದ್ರೆ ಒಂದು ಮಗ್ಗುಲು ಒಣಗುತ್ತೆ. ಹೆತ್ತ ಹೆಂಗಸ್ರು ಬರೀ ರಬ್ಬರ್ ಹಾಳೆ ಮೇಲೆ ಮಲಗಿದಾರಂತೆ ಕಣೇ. ಅವರಿಗೆ ಹೋಗಿ ನಿನ್ನ ಉಪಗ್ರಹದ ಕತೆ ಹೇಳ್ತೀಯಾ?"

ಕಾಲುವೆಯ ಕಡೆಯ ಮೂಲೆಗೆ ಹೋದಳು. ಅಲ್ಲಿ ಎಂದೂ ಹಾಸುತ್ತಿರಲಿಲ್ಲ, ಓಡಾಡುವ ದಾರಿ ಅದು. "ಆದಷ್ಟು ಅಂಚಿಗೆ ಹಾಕ್ತೀನಿ, ನಿನ್ನ ಬಯಲು ಬರಿದಾಗೇ ಇರ್ಲಿ," ಎನ್ನುತ್ತಾ ಶೀಟು ಕೊಡವಿದಳು. ಉಳಿದವರೂ ಎದ್ದು ಕೈಜೋಡಿಸಿದರು. ಎಂಬತ್ತು ಶೀಟು. ನನಗೆ ಕೋಪ ನೆತ್ತಿಗೇರಿತು.

"ನಿನ್ನ ಕೈಯಾರೆ ನೀನೇ ಕಳ್ಕೋತಿದೀಯ. ನಾಳೆ ಇಲ್ಲಿ ರಸ್ತೆ ಬಂದಾಗ ನನ್ನ ಹತ್ರ ಅಳೋಕೆ ಬರಬೇಡ."

ಅವಳು ತಿರುಗಿ ನೋಡಲಿಲ್ಲ. ನಾನು ಒಂದು ಶೀಟನ್ನೂ ಮುಟ್ಟಲಿಲ್ಲ. ಕೈಕಟ್ಟಿ ನಿಂತೇ ಇದ್ದೆ. ಹತ್ತು ನಲವತ್ತಾಯಿತು. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ, ಮೇಲಿನಿಂದ ನಮ್ಮನ್ನು ಯಾರೋ ನೋಡಿ ಮುಂದೆ ಹೋಗಿಯಾಗಿತ್ತು. ಹಿಂತಿರುಗುವಾಗ ಬಸ್ಸಿನಲ್ಲಿ ಕೂತು ಅತ್ತೆ, ಯಾರ ಮೇಲಿನ ಸಿಟ್ಟಿಗೆ ಎಂದು ತಿಳಿಯದೆ.

ಚಿತ್ರ ಶನಿವಾರ ಬಂತು. ತೆರೆಯುವ ಮೊದಲು ಒಂದು ಲೋಟ ನೀರು ಕುಡಿದೆ. ಬಯಲು ಹಸಿರಾಗಿತ್ತು. ಹತ್ತು ವರ್ಷದಲ್ಲಿ ಆ ಹಸಿರನ್ನು ನಾನು ಮೇಲಿಂದ ಕಂಡದ್ದು ಅದೇ ಮೊದಲು. ಒಂದು ಕ್ಷಣ ನಾವೆಲ್ಲ ಅಲ್ಲಿ ಮಲಗಿದ್ದೇವೆ ಎಂದೇ ಭ್ರಮೆಯಾಗಿ ಚಿಕ್ಕಮ್ಮನ ಜಾಗವನ್ನು ಬೆರಳಿನಿಂದ ಹುಡುಕಿದೆ. ಹತ್ತು ಮೀಟರಿನ ಚೌಕದಲ್ಲಿ ಮನುಷ್ಯರು ಎಲ್ಲಿ ಕಾಣಬೇಕು. ಕಾಲುವೆಯ ಮೂಲೆಯಲ್ಲಿ ಮಾತ್ರ ನಾಲ್ಕು ಬಿಳಿ ಚೌಕ. ಕಂಪ್ಯೂಟರ್ ಹಸಿರನ್ನು ಖಾಲಿ ಜಾಗವೆಂದಿತು, ನಾಲ್ಕು ಚೌಕವನ್ನು ಕಟ್ಟಡವೆಂದಿತು. ತಲೆಯ ಮೇಲೆ ಕೈ ಹೊತ್ತು ಕೂತೆ.

ಗೆರೆಸಾಹೇಬರು ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ಈ ನಾಲ್ಕು ಎಲ್ಲಿಂದ ಬಂತು? ಹಳೇ ಚಿತ್ರ ಹಾಕಿ." ಹಾಕಿದೆ. ಹಳೆಯದರಲ್ಲಿ ಆ ಮೂಲೆ ಹಸಿರು, ಉಳಿದದ್ದು ಬಿಳಿ. ಹೊಸದರಲ್ಲಿ ತಿರುಗುಮುರುಗು. ಅವರು ಎರಡನ್ನೂ ನಾಲ್ಕೈದು ಸಲ ಬದಲಾಯಿಸಿ ನೋಡಿದರು. ಆಮೇಲೆ ನಕ್ಕುಬಿಟ್ಟರು. "ಮನೆಗೆ ಕಾಲು ಬಂದು ಮೂಲೆಗೆ ಹೋಗಿ ಕೂರಲ್ಲ. ಬಟ್ಟೆನೇ ಕಣ್ರೀ ಇದು."

"ಹಾಗಾದ್ರೆ ಖಾಲಿ ಜಾಗ ಅಂತ ಉಳಿಯುತ್ತಲ್ಲ ಸರ್?"

"ಖಾಲಿ ಎಲ್ಲಿ ಬಂತು? ಬಟ್ಟೆ ಹಾಸಿದಾರಲ್ಲ. ಪೂರ್ತಿ ಹಸಿರು ಬಂದಿದ್ರೆ, ನೀವು ಏನೇ ಹೇಳಿದ್ರೂ, ಖಾಲಿ ಅಂತಲೇ ಬರೀತಿದ್ದೆ. ಬಸ್ ಡಿಪೋದವರು ಒಂದು ವರ್ಷದಿಂದ ಊರಂಚಲ್ಲಿ ಖಾಲಿ ಜಾಗ ಕೊಡಿ ಅಂತ ಪ್ರಾಣ ತಿಂತಿದಾರೆ. ಕಣ್ಣು ಮುಚ್ಚಿ ಇದನ್ನೇ ಕೊಟ್ಟುಬಿಡ್ತಿದ್ದೆ."

ಬಯಲು ಬರಿದಾಗಲಿ ಎಂದು ದಮ್ಮಯ್ಯ ಹಾಕಿದವಳು ನಾನು. ಆ ನಾಲ್ಕು ಚೌಕ ಬೇಡವೆಂದು ಕೂಗಾಡಿದವಳೂ ನಾನು. ನನ್ನ ಮಾತು ನಡೆದಿದ್ದರೆ ಎಂಟು ಮನೆಯ ಬಯಲಿಗೆ ನಾನೇ ಮಣ್ಣು ಮುಚ್ಚಿದಂತಾಗುತ್ತಿತ್ತು. ಸಾಹೇಬರು ರಸ್ತೆಯ ಗೆರೆಯನ್ನು ರಬ್ಬರಿನಿಂದ ಉಜ್ಜಿ, ಹೊಲ, ತೋಪು, ನೀರು, ಕಟ್ಟಡಗಳ ಪಟ್ಟಿಯ ಕೊನೆಗೆ ತಮ್ಮ ಕೈಯಲ್ಲೇ ಹೊಸದೊಂದು ಸಾಲು ಬರೆದರು: ಬಟ್ಟೆ ಒಣಹಾಕುವ ಬಯಲು, ಒಂದೂವರೆ ಎಕರೆ.

ಭಾನುವಾರ ಎರಡು ಚಿತ್ರಗಳನ್ನೂ ಅಚ್ಚು ಹಾಕಿಸಿಕೊಂಡು ಚಿಕ್ಕಮ್ಮನ ಹತ್ತಿರ ಹೋದೆ. ಹೊಸ್ತಿಲಲ್ಲೇ ನಿಂತು, "ತಪ್ಪಾಯ್ತು. ನೀನು ನನ್ನ ಮಾತು ಕೇಳದೇ ಇದ್ದಿದ್ದಕ್ಕೆ ಬಯಲು ಉಳೀತು," ಅಂದೆ.

"ನಿನ್ನ ಮಾತು ನಾನು ಕೇಳಿದ್ಯಾವಾಗ?" ಎಂದು ಒಳಗೆ ಕರೆದು ಟೀ ಇಟ್ಟಳು. ಚಿತ್ರಗಳನ್ನು ನೆಲದ ಮೇಲೆ ಹರಡಿ, ನಾಲ್ಕು ಚೌಕದ ಮೇಲೆ ಬೆರಳಿಟ್ಟು, ಇದು ವಾರ್ಡಿನದು, ಇದು ಕಾಲುವೆ, ಇದು ನಮ್ಮನೆ ಎಂದು ತಾತನನ್ನೂ ಕರೆದು ತೋರಿಸಿದಳು. ನನಗಿಂತ ಬೇಗ ಓದಿದಳು. ಆಮೇಲೆ ಅವಳ ಬೆರಳು ಬಯಲು ದಾಟಿ, ಊರು ದಾಟಿ, ಚಿತ್ರದ ಇನ್ನೊಂದು ಅಂಚಿನಲ್ಲಿ ನಿಂತಿತು.

"ಇದೇನೇ ಇಲ್ಲಿ, ಬಿಳಿದು?"

"ಮನೆಗಳು."

"ನೋಡಿದೀಯಾ?"

"ಚಿತ್ರದಲ್ಲಿ..."

"ಹೋಗಿ ನೋಡಿದೀಯಾ ಅಂದೆ." ದನಿ ಏರಿಸಲಿಲ್ಲ ಅವಳು. "ನಮಗೆ ನೀನಿದ್ದೆ, ಓಡಿ ಬಂದೆ. ಅಲ್ಲಿರೋರಿಗೆ ಯಾರಿದಾರೆ?"

ಟೀ ಆರಿಹೋಯಿತು. ಅವಳ ಬೆರಳು ನಿಂತಿದ್ದ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿದೆ.

ಸೋಮವಾರ ಬೆಳಿಗ್ಗೆ, ಕಟ್ಟಡವೆಂದು ಬಣ್ಣ ಬಳಿದಿದ್ದರೂ ರಸ್ತೆ ಮುಟ್ಟದ ತುಂಡುಗಳನ್ನಷ್ಟೇ ಆರಿಸಿ ತೆಗೆದೆ. ನಲವತ್ತೇಳು ಬಂದವು. ನಕ್ಷೆ ಮುಚ್ಚಲು ಎರಡೇ ದಿನವಿತ್ತು. ಬಾಗಿಲಲ್ಲಿ ಎದುರಾದ ಗೆರೆಸಾಹೇಬರು, "ಎಲ್ಲಿಗ್ರೀ ಈ ಬಿಸಿಲಲ್ಲಿ?" ಎಂದರು.

"ಮನೆಗಳಿವೆಯಾ ಅಂತ ನೋಡ್ಕೊಂಡು ಬರ್ತೀನಿ ಸರ್," ಎಂದೆ. ಪಟ್ಟಿಯ ಮೊದಲನೆಯದು ಪಶ್ಚಿಮದ ಅಂಚಿನಲ್ಲಿತ್ತು. ಅಲ್ಲಿಗೆ ಬಸ್ಸಿರಲಿಲ್ಲ. ನಡೆದೆ.